ವಾಷಿಂಗ್ ಮೆಷಿನ್ನಿನ ಸುಣ್ಣ

ಗಿರಿನಗರದ ಎಷ್ಟೋ ಮನೆಗಳ ಸಂಪಿನಲ್ಲಿ ಕಾವೇರಿ ನೀರಿನೊಂದಿಗೆ ಕೊಳವೆಬಾವಿಯ ಗಡಸು ನೀರೂ ಬೆರೆಯುತ್ತದೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ವಾಷಿಂಗ್ ಮೆಷಿನ್ನಿನ ಹೀಟರ್ ಕಾದೊಡನೆ ಕಾರ್ಬೊನೇಟ್ ಆಗಿ ಅದರ ಮೇಲೆಯೇ ಕೂರುತ್ತದೆ. ಬಚ್ಚಲ ಹಂಡೆಯೊಳಗಿನ ಬಿಳಿ ಹಕ್ಕಳೆಯೂ ಇದೇ. ಈ ಪದರವನ್ನು ದಾಟಿ ಶಾಖ ನೀರಿಗಿಳಿಯುವುದು ನಿಧಾನ. ಹೀಟರೇ ಸುಟ್ಟುಹೋಗುವುದೂ ಉಂಟು.

ಅಂಗಡಿಯಲ್ಲಿ ನಿಂಬೆ ಉಪ್ಪೆಂದು ಸಿಗುವ ಸಿಟ್ರಿಕ್ ಆಮ್ಲವನ್ನು ಸುಮಾರು 100 ಗ್ರಾಂ, ಬಟ್ಟೆಯಿಲ್ಲದ ಡ್ರಮ್ಮಿಗೆ ಹಾಕಿ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿದರೆ ಪದರ ಕರಗುತ್ತದೆ. ಹೇಗೆಂದು ನೋಡಬೇಕೆ? ಮೊಟ್ಟೆಯ ಚಿಪ್ಪಿನ ಮೇಲೆ ನಿಂಬೆರಸ ಹಿಂಡಿ. ಏಳುವ ಗುಳ್ಳೆ ಇಂಗಾಲದ ಡೈಆಕ್ಸೈಡ್.

ಜೊತೆಗೆ ಬ್ಲೀಚಿಂಗ್ ಪುಡಿಯನ್ನು ಮಾತ್ರ ಹಾಕಕೂಡದು. ಆಮ್ಲ ತಗುಲಿದೊಡನೆ ಅದರಿಂದ ವಿಷಾನಿಲ ಕ್ಲೋರಿನ್ ಹೊರಬೀಳುತ್ತದೆ. ಮೆಷಿನ್ ಇರುವುದೋ, ಹಲವು ಮನೆಗಳಲ್ಲಿ, ಗಾಳಿಯಾಡದ ಬಚ್ಚಲಿನಲ್ಲಿ.