ಮೇಳದ ಬೆನ್ನಿಗೆ ಹೋಗುವವರು

ಕರಾವಳಿಯಲ್ಲಿ ಬೆಳೆದವರಿಗೆಲ್ಲ ಯಕ್ಷಗಾನ ಮೇಳದ ಬೆನ್ನಿಗೆ ತಿರುಗುವವರ ಪರಿಚಯವಿರುತ್ತದೆ. ನಿನ್ನೆ ನೋಡಿದ ಪ್ರಸಂಗವನ್ನೇ ಇಂದು ಮತ್ತೊಂದು ಊರಿನ ಗದ್ದೆಯಲ್ಲಿ ನೋಡಲು ಅವರು ಹೊರಡುತ್ತಾರೆ. ಕಥೆ ಗೊತ್ತು, ಪದ್ಯ ಗೊತ್ತು. ಆದರೂ ಭಾಗವತರು ಇಂದು ಹೇಗೆ ಎತ್ತುತ್ತಾರೆ, ಬಾಣ ನಾಟಿಸಿಕೊಂಡ ವಾಲಿ ರಾಮನನ್ನು ಇಂದು ಏನು ಕೇಳುತ್ತಾನೆ ಎಂಬ ಕುತೂಹಲ. ಕೇರಳಕ್ಕೆ ಬಂದ ಮೇಲೆ ನಾನು ಅಂಥದೇ ಹುಚ್ಚಿಗೆ ಬಿದ್ದದ್ದು ಒಂದು ರಾಕ್ ತಂಡದ ದೆಸೆಯಿಂದ.

ಕೊಚ್ಚಿಯ ಎಳೆಯರ ತಂಡವದು. ಕಬ್ಬಿಣ ಕೊರೆಯುವ, ಉಜ್ಜುವ ಯಂತ್ರಗಳ ಸದ್ದನ್ನು ಮುದ್ರಿಸಿಕೊಂಡು ಗಿಟಾರು, ಡ್ರಮ್ಮುಗಳೊಡನೆ ತಾಳಕ್ಕೆ ಕೂಡಿಸುತ್ತಾರೆ. ‘ಇಂಡಸ್ಟ್ರಿಯಲ್’ ಎನಿಸಿಕೊಳ್ಳುವ ಈ ಬಗೆ ಎಪ್ಪತ್ತರ ದಶಕದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಮೊದಲ ಸಲ ಕೇಳಿದಾಗ ನನಗೆ ದಕ್ಕಿದ್ದು ತಲೆನೋವು ಮಾತ್ರ. ಎರಡನೆಯ ಸಲ ಹೋದದ್ದು ಗೆಳೆಯರ ಒತ್ತಾಯಕ್ಕೆ. ಮೂರನೆಯ ಸಲ ನಾನೇ ರೈಲು ಹತ್ತಿ ಇನ್ನೂರು ಕಿಲೋಮೀಟರ್ ದೂರದ ತಿರುವನಂತಪುರಕ್ಕೆ ಹೋದೆ. ಅಲ್ಲಿ ಹಾಡಿನ ನಡುವೆ ಲ್ಯಾಪ್‌ಟಾಪ್ ಕೈಕೊಟ್ಟು ಯಂತ್ರಗಳೆಲ್ಲ ಮೂಕವಾದವು. ಡ್ರಮ್ಮಿನ ಹುಡುಗ ಗಾಬರಿಯಿಂದ ಆ ಜಾಗವನ್ನು ತುಂಬಿಸಲಿಲ್ಲ, ಖಾಲಿ ಬಿಟ್ಟ. ಆ ಖಾಲಿಯಲ್ಲಿ ಮಲಯಾಳದ ಮಾತುಗಳು ಮೊದಲ ಬಾರಿ ನನ್ನ ಕಿವಿಗೆ ಬಿದ್ದವು. ಮುಂದಿನ ಪ್ರದರ್ಶನ ಕೊಚ್ಚಿಯಲ್ಲಿ. ಲ್ಯಾಪ್‌ಟಾಪ್ ನೆಟ್ಟಗಿತ್ತು, ಆ ಮೌನವನ್ನು ಮಾತ್ರ ಅವರು ಬೇಕೆಂದೇ ಉಳಿಸಿಕೊಂಡಿದ್ದರು. ಅದು ಆಕಸ್ಮಿಕದ ಕೊಡುಗೆ ಎಂಬುದು ಸಭೆಯಲ್ಲಿ ಹತ್ತಿಪ್ಪತ್ತು ಮಂದಿಗಷ್ಟೇ ಗೊತ್ತಿತ್ತು.

ನಾಲ್ಕು ತಂಡಗಳನ್ನು ಒಂದೊಂದು ಸಲ ಕೇಳುವುದಕ್ಕಿಂತ ಒಂದೇ ತಂಡವನ್ನು ನಾಲ್ಕು ಸಲ ಕೇಳುವುದು ಮೇಲು ಎಂಬ ನನ್ನ ಹಟ ಹುಟ್ಟಿದ್ದು ಅಲ್ಲಿಂದ. ಮರಳಿ ಬರುವ ಕೇಳುಗರಿದ್ದರೆ ಮಾತ್ರ ಹಾಡು ಬದಲಾಗಬಲ್ಲದು. ಕೇರಳದ ರಾಕ್ ಸಂಗೀತದ ಚರಿತ್ರೆಯನ್ನೇ ನೋಡಿ. 1977ರಲ್ಲಿ ಹುಟ್ಟಿದ ಕೊಚ್ಚಿಯ ‘ಥರ್ಟೀನ್ ಎ.ಡಿ.’ ತಂಡ ಸೀಲಾರ್ಡ್ ಹೋಟೆಲಿನಲ್ಲಿ ಪಾಶ್ಚಾತ್ಯ ತಂಡಗಳ ಹಾಡುಗಳನ್ನು ನುಡಿಸುತ್ತ ತನ್ನ ಕೇಳುಗರನ್ನು ಕಟ್ಟಿಕೊಂಡಿತು. ಸ್ವಂತ ಇಂಗ್ಲಿಷ್ ಹಾಡುಗಳ ‘ಗ್ರೌಂಡ್ ಝೀರೋ’ ಬಂದದ್ದು 1990ರಲ್ಲಿ. ಅದೇ ಊರಿನ ‘ಮದರ್‌ಜೇನ್’ 2008ರಲ್ಲಿ ‘ಮಕ್ತೂಬ್’ ತಂದಾಗ ಬೈಜು ಧರ್ಮಜನ್ ಅವರ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕಗಳಿದ್ದವು. ತಿರುವನಂತಪುರದ ‘ಅವಿಯಲ್’ ಅದೇ ವರ್ಷ ಮಲಯಾಳದಲ್ಲೇ ಹಾಡಿದ ಎಂಟು ಹಾಡುಗಳನ್ನು ಕೊಟ್ಟಿತು. ಎರವಲು ಹಾಡಿನಿಂದ ತಾಯ್ನುಡಿಗೆ ಮೂವತ್ತು ವರ್ಷಗಳ ದಾರಿ. ನುಡಿಸುವವರ ಪ್ರತಿಭೆಯಷ್ಟೇ ಕೇಳುವವರ ತಾಳ್ಮೆಯೂ ಅದನ್ನು ಸವೆಸಿದೆ. ಸಿನಿಮಾ ಆಮೇಲೆ ಬಂತು: 2011ರ ‘ಸಾಲ್ಟ್ ಆ್ಯಂಡ್ ಪೆಪ್ಪರ್’ ಚಿತ್ರದಲ್ಲಿ ಅವಿಯಲ್ ತನ್ನ ದನಿಯಲ್ಲೇ ಕಾಣಿಸಿಕೊಂಡಿತು.

ಕನ್ನಡದಲ್ಲಿ ಇಂಥದು ಇಲ್ಲವೆಂದಲ್ಲ. ಅದೇ 2008ರಲ್ಲಿ ಬಂದ ರಘು ದೀಕ್ಷಿತರ ಮೊದಲ ಸಂಕಲನದಲ್ಲಿ ಶಿಶುನಾಳ ಶರೀಫರ ತತ್ವಪದಗಳು ಗಿಟಾರಿಗೆ ಒಗ್ಗಿದವು. ಕೊರತೆಯಿರುವುದು ನಮ್ಮಲ್ಲಿ, ಹೊರನಾಡಿನ ಕೇಳುಗರಲ್ಲಿ. ನಾನು ಬಲ್ಲ ಸಂಘವೊಂದರಲ್ಲಿ ರಾಜ್ಯೋತ್ಸವಕ್ಕೆ ಬೆಂಗಳೂರಿನ ತಂಡವೊಂದನ್ನು ಕರೆಸೋಣವೆಂದಾಗ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ರಾಜ್‌ಕುಮಾರ್ ಹಾಡು ಹಾಡ್ತಾರೇನ್ರಿ?” ರಾಜ್‌ ಹಾಡು ನನಗೂ ಪ್ರಾಣ. ಆದರೆ ತನ್ನ ಹಾಡುಗಳನ್ನು ಊರಲ್ಲೇ ಬಿಟ್ಟು ಬರಬೇಕಾದ ತಂಡಕ್ಕೆ ನಾವು ಕೇಳುಗರಲ್ಲ, ಹಣ ಕೊಡುವ ಗಿರಾಕಿಗಳು. ಮುಂದಿನ ವರ್ಷ ಮತ್ತೊಂದು ತಂಡ, ಮತ್ತದೇ ಹಾಡುಗಳು. ಯಾವ ತಂಡವೂ ನಮ್ಮೆದುರು ಬೆಳೆದದ್ದನ್ನು ನಾವು ಕಾಣಲಿಲ್ಲ.

ವಿಶೇಷವೆಂದರೆ ಆ ಹಿರಿಯರು ಕಾಸರಗೋಡಿನವರು. ಹರೆಯದಲ್ಲಿ ಆಟ ನೋಡಲೆಂದು ರಾತ್ರಿಯಿಡೀ ನಡೆದವರು. ಈಚೆಗೆ ಅವರನ್ನು ನನ್ನೊಡನೆ ಕೊಚ್ಚಿಯ ಹುಡುಗರ ಪ್ರದರ್ಶನಕ್ಕೆ ಕರೆದೊಯ್ದೆ. ಹತ್ತಿ ಇಟ್ಟುಕೊಂಡ ಕಿವಿಗಳಲ್ಲೇ ಪೂರ್ತಿ ಕೂತರು; ಇಷ್ಟವಾಯಿತೆಂದು ಹೇಳಲಿಲ್ಲ. ಚೆಂಡೆ ಇದಕ್ಕಿಂತ ಜೋರು ಎಂದರು, ಅಷ್ಟೆ. ಸಮಿತಿಯ ಸಭೆ ಮುಂದಿನ ಭಾನುವಾರವಿದೆ. ಒಂದೇ ಕನ್ನಡ ತಂಡವನ್ನು ಸತತ ಮೂರು ವರ್ಷ ಕರೆಸಬೇಕು, ಅವರ ಸ್ವಂತ ಹಾಡುಗಳನ್ನೇ ಹಾಡಿಸಬೇಕು ಎಂಬ ಪ್ರಸ್ತಾಪವನ್ನು ಮತ್ತೆ ಮುಂದಿಡಲಿದ್ದೇನೆ. ಅನುಮೋದಿಸುವಿರಾ ಎಂದು ಅವರನ್ನು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.