ನಡುಗುವ ಕೈಗೆ ಮುಪ್ಪಿನ ಹೆಸರು ಬೇಡ



ನಮ್ಮ ನಾಗಲದಿನ್ನೆ, ಎಮ್ಮಿಗನೂರು, ಆದೋನಿ ಕಡೆಯ ಮನೆಗಳಲ್ಲಿ ಹಿರಿಯರ ಕೈ ನಡುಗತೊಡಗಿದರೆ "ವಯಸ್ಸಾಯಿತಲ್ಲ, ಇನ್ನೇನು" ಎಂದು ಬಿಟ್ಟುಬಿಡುವುದು ರೂಢಿ. ಹಾಗೆ ಬಿಡಬಾರದೆಂಬುದಕ್ಕೆ ಬೆಂಗಳೂರಿನ ಒಬ್ಬ ನರರೋಗ ತಜ್ಞರ ಸಂಶೋಧನೆ ಆಧಾರವಾಗಿದೆ. ಅವರು ಡಾ. ಉದಯ್ ಮುಥಾನೆ. ನಿಮ್ಹಾನ್ಸ್‌ನಲ್ಲಿದ್ದು ಪಾರ್ಕಿನ್ಸನ್ ಕಾಯಿಲೆಯನ್ನು ಅಭ್ಯಾಸ ಮಾಡಿದವರು. ಮುಂದೆ ಇದೇ ಕಾಯಿಲೆಗಾಗಿ ಬೆಂಗಳೂರಿನಲ್ಲಿ ಒಂದು ಸಂಶೋಧನಾ ಪ್ರತಿಷ್ಠಾನವನ್ನೂ ನಡೆಸಿದರು.

ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಜೀವಕೋಶಗಳ ಸಣ್ಣದೊಂದು ಪಟ್ಟಿ ಇದೆ. ಡೋಪಮೈನ್ ಎಂಬ ರಸ ಅಲ್ಲಿ ತಯಾರಾಗುತ್ತದೆ. ಆ ಕೋಶಗಳು ನಾಶವಾದರೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ವಯಸ್ಸಾದಂತೆ ಎಲ್ಲರಲ್ಲೂ ಇವು ಸವೆಯುತ್ತವೆ ಎಂಬುದು ವಿಲಾಯತಿಯವರ ಲೆಕ್ಕವಾಗಿತ್ತು. ಡಾ. ಮುಥಾನೆಯವರು ಡಾ. ಟಿ.ಸಿ. ಯಶಾ, ಡಾ. ಎಸ್.ಕೆ. ಶಂಕರ್ ಅವರೊಡನೆ, ಈ ರೋಗವಿಲ್ಲದೆ ತೀರಿಕೊಂಡ ಭಾರತೀಯರ ಮಿದುಳುಗಳಲ್ಲಿ, ಮಕ್ಕಳಿಂದ ವೃದ್ಧರವರೆಗೆ, ಈ ಕೋಶಗಳನ್ನು ಎಣಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಬ್ರಿಟಿಷರಿಗಿಂತ ನಮ್ಮಲ್ಲಿ ಸುಮಾರು ಶೇಕಡಾ 40ರಷ್ಟು ಕಡಿಮೆ ಕೋಶಗಳು. ಆದರೆ ವಯಸ್ಸಾದಂತೆ ಅವು ಕಡಿಮೆಯಾಗಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಂಡವಾಳ ಸಣ್ಣದು, ಸವಕಳಿ ಇಲ್ಲ. ಅಂದ ಮೇಲೆ ಅಜ್ಜನ ಕೈ ನಡುಗಿದರೆ ಅದನ್ನು ಬರೀ ಮುಪ್ಪಿನ ಖಾತೆಗೆ ಹಾಕುವಂತಿಲ್ಲ.

ಇದು ಮುದುಕರಿಗಷ್ಟೇ ಬರುವುದೂ ಅಲ್ಲ. 20 ವರ್ಷದೊಳಗೇ ಶುರುವಾದವರನ್ನೂ 40ರೊಳಗೆ ಶುರುವಾದವರನ್ನೂ ಹೋಲಿಸಿ ಡಾ. ಮುಥಾನೆಯವರು ಮತ್ತು ಸಂಗಡಿಗರು 1994ರಲ್ಲೇ ಬರೆದಿದ್ದರು.

ವ್ಯಾಪಾರಿಗಳಾದ ನಮಗೆ ಬೇಗ ಕಾಣಸಿಗುವ ಗುರುತು ಒಂದಿದೆ, ಕಿರ್ದಿ ಪುಸ್ತಕ. ಸಾಲು ಸಾಗಿದಂತೆ ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ. ಹಳೆಯ ವರ್ಷದ ಪುಸ್ತಕ ಪಕ್ಕಕ್ಕಿಟ್ಟು ನೋಡಿ. ನಡುಕ ಸಾಮಾನ್ಯವಾಗಿ ಒಂದೇ ಕೈಯಲ್ಲಿ, ಅದೂ ಸುಮ್ಮನೆ ಕುಳಿತಾಗ ಶುರುವಾಗುತ್ತದೆ. ಎಲ್ಲ ನಡುಕವೂ ಇದೇ ರೋಗವಲ್ಲ, ಇದನ್ನು ವೈದ್ಯರೇ ನೋಡಿ ಹೇಳಬೇಕು. ನಮಗೆ ಹೈದರಾಬಾದಿನ ನಿಮ್ಸ್ ಹತ್ತಿರ. ಅಲ್ಲಿದ್ದ ಡಾ. ರೂಪಂ ಬೊರ್ಗೊಹೈನ್ ಸಫಿನಮೈಡ್ ಎಂಬ ಮಾತ್ರೆಯ ದೊಡ್ಡ ಪರೀಕ್ಷೆಯ ಮುಖ್ಯ ಲೇಖಕರು. 2014ರಲ್ಲಿ ಅದು ಪ್ರಕಟವಾಯಿತು.

ಆದರೂ ಮುಖ್ಯ ಔಷಧಿ ಇಂದಿಗೂ ಲೆವೊಡೋಪಾ. 1967ರಿಂದ ಅದರ ಬಳಕೆ ಬೆಳೆಯಿತು. ಅದು ನಮ್ಮ ನಸುಗುನ್ನಿ ಬೀಜದಲ್ಲಿದೆ. ತೆಲುಗಿನವರು ದೂಲಗೊಂಡಿ ಎನ್ನುತ್ತಾರೆ. 1937ರಲ್ಲಿಯೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಆ ಬೀಜದಿಂದ ಇದನ್ನು ಬೇರ್ಪಡಿಸಿದ್ದರು. (ನಮ್ಮ ಆದೋನಿಯೂ ಆಗ ಮದರಾಸು ಪ್ರಾಂತದಲ್ಲೇ ಇತ್ತು.) ಹಾಗೆಂದು ಅಂಗಡಿಯಿಂದ ಪುಡಿ ತಂದು ನೀವೇ ಕೊಡಬೇಡಿ. ಒಂದು ಮೂಟೆಯ ಬೀಜದ ಸತ್ವ ಇನ್ನೊಂದರಲ್ಲಿ ಇರುವುದಿಲ್ಲ. ಮಾಲು ನೋಡುವ ನಮಗೆ ಇದು ಹೊಸದಲ್ಲ.

ಈಗ ನಮ್ಮ ಸಮಾಜಕ್ಕೇ ಸೇರಿದ ತೊಡಕು. ಈ ಮಾತ್ರೆ ದಿನಕ್ಕೆ ಮೂರು ನಾಲ್ಕು ಸಲ ಗಂಟೆ ಹೊಡೆದಂತೆ ಬೀಳಬೇಕು. ಬೇಳೆ, ಹಾಲಿನ ಜೊತೆ ತೆಗೆದುಕೊಂಡರೆ ಅದರ ಶಕ್ತಿ ತಗ್ಗುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದವರಿಗೆ ರಾತ್ರಿಯ ಮಾತ್ರೆ ಹೇಗೆ? ಉಪವಾಸದ ದಿನ ಹೇಗೆ? ಕೆಲವರು ಸುಮ್ಮನೆ ಬಿಟ್ಟುಬಿಡುತ್ತಾರೆ. ಅದು ಅಪಾಯ. ಈ ಔಷಧಿಯನ್ನು ಏಕಾಏಕಿ ನಿಲ್ಲಿಸಿದರೆ ತೀವ್ರ ಜ್ವರ ಬಂದು ಮೈ ಮರಗಟ್ಟಿ ಪ್ರಾಣಕ್ಕೇ ಬರಬಹುದು. ಮನೆಯವರು ಗೊತ್ತಿದ್ದೂ ಮಾತ್ರೆ ಬಿಡಿಸಿ ಉಪವಾಸ ಮಾಡಿಸಿದರೆ ಅದನ್ನು ತಪಸ್ಸು ಎನ್ನಲು ನನಗೆ ಬಾಯಿ ಬರುವುದಿಲ್ಲ. ಶ್ವೇತಾಂಬರ ಪ್ರತ್ಯಾಖ್ಯಾನದಲ್ಲಿ ರೋಗಪೀಡೆಯಿಂದ ಸಮಾಧಿ ಕೆಡುವ ಸಂದರ್ಭಕ್ಕೆ ಆಗಾರವನ್ನೇ ಇಟ್ಟಿದ್ದಾರೆ. ದಿಗಂಬರ ಬಂಧುಗಳು ಮುನಿಮಹಾರಾಜರನ್ನು ಕೇಳಿ ನಡೆಯಲಿ.

ಪರ್ವಕ್ಕೆ ಒಂದು ತಿಂಗಳು ಮೊದಲೇ ವೈದ್ಯರಲ್ಲಿಗೆ ಹೋಗಿ ವ್ರತದ ವಿಷಯ ಬಿಡಿಸಿ ಹೇಳಿ. ಹೆಚ್ಚು ಹೊತ್ತು ಕೆಲಸ ಮಾಡುವ ಮಾತ್ರೆಗಳೂ ಇವೆ. ಕೊನೆಯ ಮಾತ್ರೆ ಸೂರ್ಯಾಸ್ತದೊಳಗೆ ಬೀಳುವಂತೆ ಹೊಂದಿಸಲಾದೀತೇ ಎಂದು ಕೇಳಿ, ಅವರು ಹೇಳಿದ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.