ಬ್ಯಾರನ್ ಬೇಯಿಸೋರಿಗೆ 'ಸರಾಸರಿ ಸಂಬಳ' ಎಷ್ಟು ಸ್ವಾಮಿ?

ವಿಕಿಪೀಡಿಯಾ ಲೇಖನ ತೆರೆದರೆ ಪಕ್ಕದಲ್ಲಿ ಒಂದು ಚೌಕ ಕಾಣುತ್ತಲ್ಲ, ಅದೇ ಇನ್ಫೋಬಾಕ್ಸ್. ಊರಿಗೆ ಒಂದು ಥರದ್ದು, ಸಿನಿಮಾಗೆ ಒಂದು ಥರದ್ದು, ವೃತ್ತಿಗಳಿಗೆ ಇನ್ನೊಂದು. ಇಂಗ್ಲಿಷಿನ ವೃತ್ತಿ ಚೌಕದಲ್ಲಿ ಅಧಿಕೃತ ಹೆಸರು, ವೃತ್ತಿಯ ಬಗೆ, ಕ್ಷೇತ್ರ, ಸಾಮರ್ಥ್ಯ, ಬೇಕಾದ ಶಿಕ್ಷಣ, ಸಂಬಂಧಪಟ್ಟ ವೃತ್ತಿಗಳು, ಸರಾಸರಿ ಸಂಬಳ, ಹೀಗೆ ಸಾಲುಗಳಿವೆ. ಕನ್ನಡಕ್ಕೆ ಏನು ಮಾಡೋಣ ಅಂತ ಕೇಳಿದರೆ ನಮ್ಮ ಸಾಫ್ಟ್‌ವೇರ್ ಮಂದಿ ಥಟ್ಟನೆ ಹೇಳೋದು: "ಕಾಪಿ ಮಾಡಿ, ಲೇಬಲ್ ಅನುವಾದ ಮಾಡಿ, ಹತ್ತು ನಿಮಿಷದ ಕೆಲಸ." ನಾನೂ ಅದೇ ಕಸುಬಿನವನು. ಆದರೂ ಹೇಳ್ತೀನಿ, ಹಾಗೆ ಮಾಡಬಾರದು. ಆ ಚೌಕ ಪೈಲಟ್‌ಗೆ, ವಕೀಲರಿಗೆ, ನನ್ನಂಥವನಿಗೆ ಅಳತೆ ತೆಗೆದು ಹೊಲಿದ ಅಂಗಿ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಮೈಗೆ ಅದು ಹಿಡಿಸೋದಿಲ್ಲ.

ನಂಬಿಕೆ ಇಲ್ಲದಿದ್ದರೆ ಹೊಗೆಸೊಪ್ಪಿನ ಕೆಲಸಕ್ಕೇ ಒಂದು ಚೌಕ ತುಂಬಿ ನೋಡಿ. ಬೇಸಿಗೆಯಲ್ಲಿ ಸಸಿಮಡಿ, ಮೇ ಹೊತ್ತಿಗೆ ಮುಂಗಾರಿಗೆ ಮುಂಚಿನ ಮಳೆ ನೋಡಿಕೊಂಡು ನಾಟಿ. ಆಮೇಲೆ ಕೆಳಗಿನ ಎಲೆಯಿಂದ ಶುರು ಮಾಡಿ ಸರದಿ ಪ್ರಕಾರ ಸೊಪ್ಪು ಮುರೀಬೇಕು. ಕೋಲಿಗೆ ಕಟ್ಟಬೇಕು, ಬ್ಯಾರನ್‌ಗೆ ಏರಿಸಬೇಕು, ಐದರಿಂದ ಏಳು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿ ತಿರುಗಬೇಕು. ಆತುರಪಟ್ಟು ಉರಿ ಏರಿಸಿದರೆ ಹಸಿರು ಹಸಿರಾಗೇ ನಿಂತುಬಿಡುತ್ತೆ. ತೇವ ಹೊರಗೆ ಹೋಗೋಕೆ ಬಿಡದಿದ್ದರೆ ಎಲೆ ಕಂದುಗಟ್ಟುತ್ತೆ. ಕೊನೆಗೆ ದಂಟು ಒಣಗಲು ಶಾಖ 70 ಡಿಗ್ರಿ ಹತ್ತಿರ ಹೋಗಬೇಕು. ಥರ್ಮಾಮೀಟರ್ ಇರುತ್ತೆ, ಸರಿ. ಆದರೆ ಯಾವಾಗ ಏರಿಸಬೇಕು, ಗಾಳಿಕಿಂಡಿ ಎಷ್ಟು ತೆಗೀಬೇಕು ಅನ್ನೋದನ್ನ ಎಲೆಯ ಬಣ್ಣ ನೋಡಿ, ಮುಟ್ಟಿ ಹೇಳೋರು ಬೇರೆ.

ಈಗ ಹೇಳಿ, 'ಬೇಕಾದ ಶಿಕ್ಷಣ' ಸಾಲಿನಲ್ಲಿ ಏನು ಬರೀತೀರಿ? 'ಇಲ್ಲ' ಅಂತಲೇ? ನಾಲ್ಕು ವರ್ಷ ಇಂಜಿನಿಯರಿಂಗ್ ಓದಿರೋ ನನಗೆ ಒಂದು ರಾತ್ರಿ ಬ್ಯಾರನ್ ಒಪ್ಪಿಸಿದರೆ ಬೆಳಗಾಗೋ ಹೊತ್ತಿಗೆ ಒಂದು ಕುಟುಂಬದ ವರ್ಷದ ಆಸೆ ಕಮರಿರುತ್ತೆ :-)

'ಸರಾಸರಿ ಸಂಬಳ' ಇನ್ನೂ ತಮಾಷೆ. 1975ರ ಕಾಯ್ದೆಯಡಿ 1976ರಲ್ಲಿ ತಂಬಾಕು ಮಂಡಳಿ ಬಂತು, ಕೇಂದ್ರ ಕಚೇರಿ ಗುಂಟೂರಿನಲ್ಲಿ. ಬೆಳೆಗಾರ ಅಲ್ಲಿ ನೋಂದಾಯಿಸಬೇಕು, ಬ್ಯಾರನ್‌ಗೆ ಲೈಸೆನ್ಸ್ ಬೇಕು, ಎಷ್ಟು ಬೆಳೀಬೇಕು ಅನ್ನೋದನ್ನೂ ಪ್ರತಿ ವರ್ಷ ಮಂಡಳಿಯೇ ಗೊತ್ತು ಮಾಡುತ್ತೆ. ಕರ್ನಾಟಕದಲ್ಲಿ 1984ರಿಂದ ಮಾರಾಟ ಹರಾಜಿನಲ್ಲಿ. ಬೇಲು ಕಟ್ಟಿ ಮಾರುಕಟ್ಟೆಗೆ ಒಯ್ದ ಮೇಲೆ ಗ್ರೇಡಿನ ಮೇಲೆ, ಬಂದ ಕಂಪನಿಗಳ ಮರ್ಜಿಯ ಮೇಲೆ ರೇಟು. ಕೊಳ್ಳೋರಿಲ್ಲದೆ ವಾಪಸ್ ಬರೋ ಬೇಲೂ ಉಂಟು. ಇತ್ತ ಇದೇ ಭಾರತ ಸರ್ಕಾರ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನ ಅನುಮೋದಿಸಿದೆ, ಅದರಲ್ಲಿ ಬೆಳೆಗಾರರಿಗೆ ಪರ್ಯಾಯ ತೋರಿಸಬೇಕು ಅಂತಿದೆ. ಒಂದು ಕೈ ಲೈಸೆನ್ಸ್ ಕೊಡುತ್ತೆ, ಇನ್ನೊಂದು ಕೈ ಬಿಡಿ ಅನ್ನುತ್ತೆ. ಈ ಕಸುಬಿನ ಬಗ್ಗೆ ಓದುಗನಿಗೆ ಒಂದೇ ಸಾಲು ಹೇಳೋ ಹಾಗಿದ್ದರೆ ಇದನ್ನೇ ಹೇಳಬೇಕು. ಆದರೆ ಚೌಕದಲ್ಲಿ ಇದಕ್ಕೆ ಸಾಲೇ ಇಲ್ಲ.

"ಗೊತ್ತಿಲ್ಲದ್ದು ಖಾಲಿ ಬಿಡಪ್ಪ, ಆ ಸಾಲು ಕಾಣಿಸೋದೇ ಇಲ್ಲ" ಅಂತೀರಿ. ನನ್ನ ತಕರಾರು ಇರೋದೇ ಅಲ್ಲಿ. ಖಾಲಿ ಬಿಟ್ಟ ಸಾಲನ್ನ ಟೆಂಪ್ಲೇಟು ಮುಚ್ಚಿಡುತ್ತೆ. ವಕೀಲರ ಚೌಕ ಉದ್ದಕ್ಕೆ ಇಳಿದಿರುತ್ತೆ, ಬ್ಯಾರನ್‌ನವರದ್ದು ಒಂದು ಹೆಸರು, ಒಂದು ಫೋಟೋ, ಅಷ್ಟೇ. ಕೊರತೆ ಚೌಕದ್ದು, ಕಾಣೋದು ಮಾತ್ರ ಕೆಲಸದ ಕೊರತೆ ಥರ. ಅದೂ ಅಲ್ಲದೆ ಈ ಚೌಕಗಳನ್ನ ಮನುಷ್ಯರಷ್ಟೇ ಓದೋದಿಲ್ಲ. 2007ರಲ್ಲಿ ಬಂದ ಡಿಬಿಪೀಡಿಯಾ ಇವುಗಳಿಂದಲೇ ಮಾಹಿತಿ ಹೆಕ್ಕಿ ಯಂತ್ರಗಳಿಗೆ ಉಣಿಸಿತು.

ಅಂತರರಾಷ್ಟ್ರೀಯ ವರ್ಗೀಕರಣ ಇದೆಯಲ್ಲ ಅಂತ ಇನ್ನೊಬ್ಬರು. ಇದೆ. 2008ರ ಐಎಸ್‌ಸಿಒ ಪಟ್ಟಿಯಲ್ಲಿ ತಂಬಾಕು ಸಿದ್ಧಪಡಿಸುವವರಿಗೆ 7516 ಅಂತ ನಂಬರ್ರೂ ಇದೆ, ಆದರೆ ಅದು ಕುಶಲಕರ್ಮಿಗಳ ಗುಂಪಿನಲ್ಲಿ. ಬೆಳೆ ಬೆಳೆಯೋರದ್ದು ಬೇರೆ ಗುಂಪು. ನಮ್ಮಲ್ಲಿ ಎರಡನ್ನೂ ಮಾಡೋದು ಒಂದೇ ಮನೆಯವರು. ಕೆ.ಆರ್. ನಗರದ ನಾಲೆ ಬಯಲಲ್ಲಿ ಭತ್ತ ನಾಟಿ ಮಾಡೋ ಹೆಂಗಸರು 2011ರ ಜನಗಣತಿಯಲ್ಲಿ ಬರೀ 'ಕೃಷಿ ಕಾರ್ಮಿಕರು'. ಲೆಕ್ಕ ಹಿಡಿಯೋಕೆ ಅದು ಸಾಕು. ವಿಶ್ವಕೋಶಕ್ಕೆ ಸಾಲದು.

ಹೆಗ್ಗಡದೇವನಕೋಟೆ ಕಡೆ ಬನ್ನಿ. ದಸರಾ ಬಂದರೆ ಆನೆಗಳನ್ನ ತೂಕಕ್ಕೆ ಹಾಕಿ ಯಾವ ಆನೆ ಎಷ್ಟು ಕೆಜಿ ಅಂತ ಪತ್ರಿಕೆಗಳು ಬರೀತಾವೆ. ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ, 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಸತ್ತ, ಎಲ್ಲ ದಾಖಲಾಗಿದೆ. ಮಾವುತ ಏನು ಮಾಡ್ತಾನೆ, ಕಾವಾಡಿ ಏನು ಮಾಡ್ತಾನೆ, ಕಾವಾಡಿಯಾಗಿದ್ದವನು ಯಾವಾಗ ಮಾವುತ ಆಗ್ತಾನೆ, ಇಲಾಖೆಯ ನೌಕರನೋ ದಿನಗೂಲಿಯೋ? ಇದಕ್ಕೆ ಸಾಲು ಬೇಡವೆ?

ಇಲ್ಲಿ ಒಂದು ಹುಷಾರಿನ ಮಾತು. ಕನ್ನಡದ್ದೇ ಚೌಕ ಮಾಡೋಣ ಅಂದ ತಕ್ಷಣ ಯಾರಾದರೂ 'ಸಮುದಾಯ' ಅಂತ ಒಂದು ಸಾಲು ಸೇರಿಸಿಯೇ ಸೇರಿಸ್ತಾರೆ. ಬೇಡ. ಮಾವುತರು, ಕಾವಾಡಿಗಳಲ್ಲಿ ಜೇನುಕುರುಬರು ಬಹಳ ಜನ ಇರೋದು ನಿಜ, ಅದನ್ನ ಲೇಖನದೊಳಗೆ ವಿವರವಾಗಿ ಬರೀರಿ. ಚೌಕಕ್ಕೆ ಹಾಕಿದರೆ ಜಾತಿಗೊಂದು ಕಸುಬು ಅನ್ನೋ ಹಳೇ ಬೇಲಿಯನ್ನ ಹೊಸ ಕೋಡಿನಲ್ಲಿ ಕಟ್ಟಿದ ಹಾಗೆ. ಹೆಸರಲ್ಲೇ ಜೇನು ಇದ್ದರೂ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗೋ ಜೇನುಕುರುಬರು ಎಷ್ಟೋ ಜನ.

ಹಾಗಾದರೆ ಏನೇನಿರಬೇಕು? ನನ್ನ ಪ್ರಕಾರ ಶಿಕ್ಷಣದ ಬದಲು 'ಯಾರಿಂದ, ಹೇಗೆ ಕಲಿಯುತ್ತಾರೆ' ಇರಲಿ. ಡಿಗ್ರಿಯೂ ಅದರೊಳಗೆ ಕೂರುತ್ತೆ, ಅಪ್ಪನ ಜೊತೆ ಬ್ಯಾರನ್ ಮುಂದೆ ಕಳೆದ ರಾತ್ರಿಗಳೂ ಕೂರುತ್ತವೆ. ಸಂಬಳದ ಬದಲು 'ಆದಾಯದ ಬಗೆ': ಸಂಬಳ, ಕೂಲಿ, ಗುತ್ತಿಗೆ, ಹರಾಜು, ಪಾಲು. ಜೊತೆಗೆ ಹಂಗಾಮು, ಪರವಾನಗಿ, ಸಲಕರಣೆ. 'ಅಪಾಯ' ಅಂತ ಒಂದು ಸಾಲು ಬೇಕೇ ಬೇಕು. ಒದ್ದೆ ಹೊಗೆಸೊಪ್ಪು ಮುರಿಯೋವಾಗ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿದು ವಾಂತಿ, ತಲೆಸುತ್ತು ಬರುತ್ತೆ. ಸಿಗರೇಟು ಸೇದೋನಿಗೆ ಪ್ಯಾಕಿನ ಮೇಲೆ ಎಚ್ಚರಿಕೆ ಉಂಟು, ಮುರಿಯೋಳಿಗೆ ಎಲ್ಲಿದೆ? ಸರಾಸರಿ ಸಂಬಳದ ಸಾಲನ್ನಂತೂ ಕಿತ್ತೇ ಹಾಕಿ. ಯಾವ ವರ್ಷದ್ದು, ಯಾವ ದೇಶದ್ದು ಅಂತ ಹೇಳದ ಸರಾಸರಿ ವಕೀಲರಿಗೂ ಸುಳ್ಳೇ.

ಆಕರ ಎಲ್ಲಿಂದ ತರೋದು ಅನ್ನೋ ಪ್ರಶ್ನೆ ಮಾತ್ರ ನ್ಯಾಯವಾದದ್ದು. ತಂಬಾಕು ಮಂಡಳಿಯ ವಾರ್ಷಿಕ ವರದಿ, ಕೃಷಿ ವಿಶ್ವವಿದ್ಯಾಲಯದ ಕೈಪಿಡಿ, ಪತ್ರಿಕೆಗಳ ಜಿಲ್ಲಾ ಪುಟ, ಇವಿಷ್ಟರಿಂದ ಅರ್ಧ ಚೌಕ ತುಂಬುತ್ತೆ. ಇನ್ನರ್ಧಕ್ಕೆ ಹಳ್ಳಿಗೆ ಹೋಗಿ ಕೇಳಿಕೊಂಡು ಬಂದು, ಮೊದಲು ಎಲ್ಲಾದರೂ ಅಚ್ಚಿಗೆ ಕೊಡಬೇಕು.

ಒಂದು ಸಾಲಿನಲ್ಲಿ ನಾನೂ ಸಿಕ್ಕಿಕೊಂಡಿದ್ದೀನಿ. ಮೊದಲನೇ ಸಾಲೇ, 'ಅಧಿಕೃತ ಹೆಸರು'. ಬೆಂದ ಸೊಪ್ಪನ್ನ ಮನೆ ಪಡಸಾಲೆಯಲ್ಲಿ ಕೂತು ಬಣ್ಣ ನೋಡಿ, ಎಲೆ ಎಲೆಯಾಗಿ ಗ್ರೇಡ್ ವಿಂಗಡಿಸೋ ಹೆಂಗಸರ ಕೆಲಸಕ್ಕೆ ಏನಂತಾರೆ? ನಮ್ಮೂರಲ್ಲಿ ಕೇಳಿದರೆ "ಸೊಪ್ಪು ಆರಿಸ್ತಾವ್ರೆ" ಅಂತಾರೆ, ಅದು ಕ್ರಿಯಾಪದ. ನಿಮ್ಮ ಕಡೆ ನಾಮಪದ ಇದ್ದರೆ ಕಮೆಂಟಿನಲ್ಲಿ ಹಾಕಿ.